ಚಿತ್ರದ ಕೆಳಗೊಂದು ಹೆಸರು

ಜಯನಗರದ ಅಶೋಕಸ್ತಂಭದ ಬಳಿ ಹಾದುಹೋಗುವಾಗಲೆಲ್ಲ ನನಗೆ ನನ್ನದೊಂದು ಹಳೆಯ ತಪ್ಪು ನೆನಪಾಗುತ್ತದೆ. 1948ರಲ್ಲಿ ರಾಜಾಜಿಯವರ ಹಸ್ತದಿಂದ ಆರಂಭವಾದ ಈ ಬಡಾವಣೆಗೆ 1998ರಲ್ಲಿ ಐವತ್ತು ತುಂಬಿತು. ನಮ್ಮ ಬೀದಿಯ ಮಿತ್ರಮಂಡಲಿಯವರು ಸ್ಮರಣ ಸಂಚಿಕೆಯೊಂದನ್ನು ತರಲು ಹೊರಟರು. ಸಂಪಾದಕನ ಪಟ್ಟ ನನ್ನ ತಲೆಗೆ ಬಂತು. ಪರಿಚಿತರೊಬ್ಬರ ಆಲ್ಬಮ್ಮಿನಲ್ಲಿ, ಸ್ತಂಭದ ಸುತ್ತ ಬರಿಯ ಬಯಲೇ ಇದ್ದ ಕಾಲದ ಛಾಯಾಚಿತ್ರವೊಂದು ಸಿಕ್ಕಿತು. ಆಲ್ಬಮ್ಮಿನ ಯಜಮಾನರ ಅಪ್ಪಣೆ ಕೇಳಿದೆನೇ ಹೊರತು, ತೆಗೆದವರು ಯಾರೆಂದು ಕೇಳಲಿಲ್ಲ. ‘ಹಳೆಯ ಜಯನಗರ’ ಎಂದಷ್ಟೇ ಅಚ್ಚು ಹಾಕಿಸಿ ಮುಖಪುಟಕ್ಕೆ ಏರಿಸಿಬಿಟ್ಟೆ.

ವಾರದೊಳಗೆ ಹಿರಿಯರೊಬ್ಬರು ಮನೆಗೆ ಬಂದರು. ಕಾಫಿಯನ್ನೂ ಬೇಡವೆಂದರು. ಚೀಲದಿಂದ ಅದೇ ಚಿತ್ರದ ಮೂಲ ಪ್ರತಿಯನ್ನು ತೆಗೆದು ಬೆನ್ನು ತಿರುಗಿಸಿ ತೋರಿಸಿದರು. ಅಲ್ಲಿ ಅವರ ತಂದೆಯ ಸಹಿ ಇತ್ತು. “ದುಡ್ಡು ಕೇಳೋಕೆ ಬಂದಿಲ್ಲ ಸ್ವಾಮಿ. ಒಳ್ಳೆ ಬೆಳಕು ಬರಲಿ ಅಂತ ನಮ್ಮ ತಂದೆ ಮೂರು ದಿನ ಸೈಕಲ್ ತುಳಿದು ಬಂದಿದ್ದರು. ಹೆಸರೊಂದು ಹಾಕಬಹುದಾಗಿತ್ತು,” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಹಳೆಯ ಚಿತ್ರ ಕಂಡರೆ ನನ್ನ ಕಣ್ಣು ಮೊದಲು ಅದರ ಕೆಳಗೆ ಹೋಗುತ್ತದೆ. ನಮ್ಮ ನೆರೆಯ ಲಾಲ್‌ಬಾಗಿನ ಚರಿತ್ರೆಯನ್ನೇ ನೋಡಿ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾದದ್ದು ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರ ಸಲಹೆಯಿಂದ. ಅದಕ್ಕೂ ಹತ್ತು ವರ್ಷ ಹಿಂದೆ ಅವರು ಶಿವಮೊಗ್ಗದಲ್ಲಿ ವೈದ್ಯರಾಗಿದ್ದಾಗ, ಮರಾಠಿ ಚಿತ್ರಕಾರನೊಬ್ಬನನ್ನು ಇಟ್ಟುಕೊಂಡು ದಿನಕ್ಕೊಂದರಂತೆ ಗಿಡಗಳ ಚಿತ್ರ ಬರೆಸಿದರು. ಮಲೆನಾಡಿನ ಆ ಎಲೆ, ಹೂ, ಕಾಯಿಗಳು ಇಂದಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ಸಂಗ್ರಹಕ್ಕೆ ಕ್ಲೆಗ್‌ಹಾರ್ನರ ಹೆಸರು; ಕುಂಚ ಹಿಡಿದವನು ‘ಶಿವಮೊಗ್ಗದ ಚಿತ್ರಕಾರ’ನೆಂದೇ ಉಳಿದ.

ಕಾಲವೇ ಹಾಗಿತ್ತು ಎಂದು ಸಮಾಧಾನ ಹೇಳಿಕೊಳ್ಳೋಣವೆಂದರೆ, ಅದೇ ಕಾಲದಲ್ಲಿ ಮದರಾಸು ಸರಕಾರದ ಸೇವೆಯಲ್ಲಿದ್ದ ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿ ಅಡ್ಡ ಬರುತ್ತಾರೆ. ತಮಗಾಗಿ ಬರೆದ ರಂಗಯ್ಯ, ಗೋವಿಂದು ಎಂಬಿಬ್ಬರ ಹೆಸರನ್ನು ಅವರು ಮರೆಸಲಿಲ್ಲ. 1853ರಲ್ಲಿ ಸೀತಾಳೆ ಜಾತಿಯ ಹೂಗಿಡಗಳ ಒಂದು ಕುಲಕ್ಕೆ ‘ಗೋವಿಂದೂಯಿಯ’ ಎಂದೇ ನಾಮಕರಣ ಮಾಡಿದರು. ಮುಂದೆ ಶಾಸ್ತ್ರಜ್ಞರು ಆ ಕುಲವನ್ನು ಬೇರೊಂದರಲ್ಲಿ ಸೇರಿಸಿದರು ನಿಜ. ಆದರೆ ಚಿತ್ರಕಾರನ ಹೆಸರು ಗ್ರಂಥದಿಂದ ಅಳಿಯಲಿಲ್ಲ. ಹಾಗೆಯೇ, 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಪ್ರಕಟವಾಯಿತು. ವಿವರಣೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್‌ರಂಥ ಖ್ಯಾತರು. ಆದರೂ ಶೀರ್ಷಿಕೆಯ ಪುಟದಲ್ಲಿ ಅವರಿಗಿಂತ ಮೊದಲು ಬರುವುದು ಛಾಯಾಚಿತ್ರ ತೆಗೆದ ಪಿಗೌ, ನೀಲ್, ಬಿಗ್ಸ್ ಎಂಬ ಮೂವರ ಹೆಸರು. ಪಿಗೌ ಅಷ್ಟರಲ್ಲಿ ತೀರಿಕೊಂಡಿದ್ದರು. ಸತ್ತವರ ಪಾಲನ್ನೂ ಸಲ್ಲಿಸಲಾಯಿತು.

ಇನ್ನು ಕಾನೂನು. ಬ್ರಿಟಿಷರ ಮಾದರಿಯ 1914ರ ಶಾಸನವನ್ನು ಬದಿಗಿಟ್ಟು ನಾವೇ ಮಾಡಿಕೊಂಡ ಕೃತಿಸ್ವಾಮ್ಯ ಶಾಸನ 1957ರದು. ಜಾರಿಗೆ ಬಂದದ್ದು 1958ರ ಜನವರಿ 21ರಂದು. ಛಾಯಾಚಿತ್ರಕ್ಕೆ ಆಗ ಪ್ರಕಟಣೆಯಿಂದ 50 ವರ್ಷಗಳ ರಕ್ಷಣೆಯಿತ್ತು; 1992ರಲ್ಲಿ ಅದು 60 ಆಯಿತು; 2012ರಲ್ಲಿ, ತೆಗೆದವರ ಜೀವಿತಕಾಲ ಮತ್ತು ಆ ಮೇಲೆ 60 ವರ್ಷ ಎಂದಾಯಿತು. ವಿಮರ್ಶೆ, ಸ್ವಂತ ವ್ಯಾಸಂಗ ಮೊದಲಾದವುಗಳಿಗೆ ರಿಯಾಯಿತಿ ಉಂಟು. ಹಣ ಕೊಟ್ಟು ತೆಗೆಸಿದ ಮದುವೆಯ ಫೋಟೋದ ಸ್ವಾಮ್ಯ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದೇ. ಆದರೆ ‘ಪತ್ರಿಕೆಯಲ್ಲಿ ಬಂದದ್ದು, ಮೊಬೈಲಿಗೆ ಬಂದದ್ದು ಎಲ್ಲರದೂ’ ಎಂಬ ನಮ್ಮ ನಂಬಿಕೆಗೆ ಶಾಸನದಲ್ಲಿ ಆಧಾರವಿಲ್ಲ. ಹೆಸರು ಹಾಕಿದೆವೆಂದ ಮಾತ್ರಕ್ಕೆ ಅಪ್ಪಣೆ ಪಡೆದಂತೆಯೂ ಆಗುವುದಿಲ್ಲ.

ಈ ಶಾಸನದ 57ನೆಯ ವಿಧಿ ಹಣದ ಮಾತಲ್ಲ, ಮಾನದ ಮಾತು. ಸ್ವಾಮ್ಯವನ್ನು ಮಾರಿಕೊಂಡ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲಿ ಉಳಿಯುತ್ತದೆ. ಅದನ್ನು ಓದುತ್ತಿದ್ದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಕರ್ತೃ ತೀರಿಕೊಂಡ ಬಳಿಕ ಆತನ ವಾರಸುದಾರರು ಕೃತಿಗೆ ಆದ ವಿಕಾರವನ್ನು ಪ್ರಶ್ನಿಸಬಹುದಾಗಿತ್ತು. ಆದರೆ ಕರ್ತೃತ್ವವನ್ನು ಸಾಧಿಸುವ ಹಕ್ಕನ್ನು ಅವರಿಗೆ ಕೊಟ್ಟಿರಲಿಲ್ಲ. ಆ ತಡೆ ಹೋದದ್ದು 2012ರಲ್ಲಿ. ಎಂದರೆ, 1998ರಲ್ಲಿ ನನ್ನ ಬಾಗಿಲಿಗೆ ಬಂದ ಹಿರಿಯರಿಗೆ ತಂದೆಯ ಹೆಸರನ್ನು ಕೇಳಲು ಆ ವಿಧಿಯ ಬೆಂಬಲವಿರಲಿಲ್ಲ. ಅವರು ನಂಬಿ ಬಂದದ್ದು ನನ್ನ ಮರ್ಯಾದೆಯನ್ನು.

ಹಂಚಿಹೋದ ಪ್ರತಿಗಳನ್ನು ನಾನು ಹಿಂದಕ್ಕೆ ತರಲಾಗಲಿಲ್ಲ. ಉಳಿದವು ನಲವತ್ತು ಚಿಲ್ಲರೆ. ಅವಕ್ಕೆಲ್ಲ ಹೆಸರಿನ ಚೀಟಿ ಮಾಡಿಸಿ, ರಾತ್ರಿ ಕುಳಿತು ಗೋಂದು ಹಚ್ಚಿ ಅಂಟಿಸಿದೆ. ಮೊದಲ ಪ್ರತಿಯನ್ನು ಅವರ ಮನೆಗೆ ಒಯ್ದು ಕೊಟ್ಟೆ. ಅವರು ಚಿತ್ರವನ್ನು ನೋಡಲಿಲ್ಲ. ಚೀಟಿಯ ಮೇಲೆ ಒಮ್ಮೆ ಬೆರಳಾಡಿಸಿ, “ಈಗ ಕಾಫಿ ಕುಡಿಯೋಣ, ಕೂತುಕೊಳ್ಳಿ,” ಎಂದರು.