ಬಾಲಪ್ರಪಂಚದ ಉದಯ

ಶಾಲೆಯ ಪಠ್ಯವನ್ನುಳಿದು ಲೋಕಜ್ಞಾನವನ್ನೀಯುವ ಗ್ರಂಥಗಳು ಕನ್ನಡದ ಮಕ್ಕಳಿಗೆ ತೀರ ವಿರಳವಾಗಿದ್ದ ಕಾಲದಲ್ಲಿ, ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು, ಯಾವ ವಿದ್ವನ್ಮಂಡಲಿಯ ನೆರವಿಗೂ ಕಾಯದೆ, 1936ರ ಹೊತ್ತಿಗೆ ‘ಬಾಲಪ್ರಪಂಚ’ವೆಂಬ ಸಚಿತ್ರ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಏಕಾಕಿಯಾಗಿ ರಚಿಸಿದುದು ನಮ್ಮ ಸಾಹಿತ್ಯಚರಿತ್ರೆಯ ಒಂದು ಮಹಾಸಾಹಸವೇ ಸರಿ. ಪುತ್ತೂರಿನಲ್ಲಿ ತಾವೇ ನಡೆಸಿದ ‘ಬಾಲವನ’ವೆಂಬ ಮಕ್ಕಳ ಕೇಂದ್ರದಲ್ಲಿ ಮಕ್ಕಳನ್ನು ಕಲೆಹಾಕಿ, ಅವರಿಂದ ನಾಟಕವಾಡಿಸಿ, ಕುಣಿಸಿ, ಆಟದೊಳಗೇ ಪಾಠವನ್ನಡಗಿಸಬಯಸಿದ ಆ ಶಿಕ್ಷಣಪ್ರಯೋಗಶೀಲರಿಗೆ, ಎಳೆಯರ ಕುತೂಹಲವು ಎಲ್ಲಿ ಅರಳುತ್ತದೆ, ಎಲ್ಲಿ ಬಾಡುತ್ತದೆ ಎಂಬುದು ಪ್ರತ್ಯಕ್ಷಾನುಭವದಿಂದಲೇ ತಿಳಿದಿತ್ತು. ಯಕ್ಷಗಾನ, ಶಿಲ್ಪ, ಚಿತ್ರಕಲೆಗಳಲ್ಲಿ ಅವರಿಗಿದ್ದ ಗಾಢಾಸಕ್ತಿಯೂ ಆ ವಿಶ್ವಕೋಶದ ರಚನೆಗೆ ಪೋಷಕವಾಯಿತು. ಪಂಡಿತರಿಗಾಗಿ ಬರೆಯುವುದಕ್ಕಿಂತ ಹತ್ತು ವರ್ಷದ ಹುಡುಗನಿಗಾಗಿ ಬರೆಯುವುದೇ ಕಠಿನತರವೆಂದು ನಾನು ನಂಬುತ್ತೇನೆ. ಮುಂದೆ, 1970ರ ದಶಕದಲ್ಲಿ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಹೊರತಂದ ‘ಭಾರತ ಭಾರತಿ’ ಮಾಲೆಯು, ಒಂದೊಂದು ಕಿರುಹೊತ್ತಗೆಯಲ್ಲಿ ಒಂದೊಂದು ಜೀವನಚರಿತ್ರೆಯನ್ನಡಕಗೊಳಿಸಿ, ಮಹಾಪುರುಷರನ್ನು ನಾಡಿನ ಬಾಲಕರ ಕೈಗೇ ತಂದಿತ್ತಿತು.