ಪ್ರಾಯದ ಬೆರಳಿಗೆ ಆರು ಚುಕ್ಕೆಗಳ ಪಾಠ

ನಿಮ್ಮ ಜೇಬಿನಲ್ಲಿ ಒಂದು ನಾಣ್ಯವಿದ್ದರೆ ಅದನ್ನು ಹೊರಗೆ ತೆಗೆಯದೆ, ಅದರ ಮೇಲಿನ ಅಕ್ಷರಗಳನ್ನು ಬೆರಳಿನಿಂದಲೇ ಓದಲು ಪ್ರಯತ್ನಿಸಿ. ಏನೋ ಉಬ್ಬಿದೆ ಎಂದು ತಿಳಿಯುತ್ತದೆ. ಯಾವ ಅಕ್ಷರವೆಂದು ತಿಳಿಯುವುದಿಲ್ಲ. ಎಷ್ಟು ರೂಪಾಯಿಯ ನಾಣ್ಯವೆಂದು ಗೊತ್ತಾದರೂ ಅದು ಗಾತ್ರ, ತೂಕಗಳಿಂದಲೇ ಹೊರತು ಓದಿನಿಂದಲ್ಲ. ಕಣ್ಣಿಗೆಂದು ಬರೆದದ್ದು ಬೆರಳಿಗೆ ಸುಲಭವಾಗಿ ದಕ್ಕುವುದಿಲ್ಲ.

ಪ್ಯಾರಿಸಿನಲ್ಲಿ 1785ರಲ್ಲಿ ಅಂಧ ಮಕ್ಕಳ ಶಾಲೆ ತೆರೆದ ವಾಲೆಂಟಿನ್ ಹಾವಿ ರೋಮನ್ ಅಕ್ಷರಗಳನ್ನೇ ಉಬ್ಬಿಸಿ ಪುಸ್ತಕ ಮಾಡಿಸಿದರು. ಪುಸ್ತಕಗಳು ಭಾರ, ಓದು ನಿಧಾನ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಮಕ್ಕಳು ಅದನ್ನು ತಾವೇ ಬರೆಯುವಂತಿರಲಿಲ್ಲ. ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್ 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದ ಕಥೆಯನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಮಕ್ಕಳು ಕಲಿಯುತ್ತಾರೆ, ಸರಿ. ಇಪ್ಪತ್ತು, ಮೂವತ್ತು ವರ್ಷ ಕಣ್ಣಿನಿಂದ ಓದಿ, ಆಮೇಲೆ ದೃಷ್ಟಿ ಕಳೆದುಕೊಂಡವರ ಪಾಡೇನು?

ಅವರಿಗೆ ಬ್ರೈಲ್ ಬಾರದು ಎಂಬ ನಂಬಿಕೆ ಬಹಳ ಕಾಲ ಇತ್ತು. ಇಂಗ್ಲೆಂಡಿನ ವಿಲಿಯಂ ಮೂನ್ ಸ್ವತಃ ಇಂಥವರಲ್ಲಿ ಒಬ್ಬರು. 1840ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ ಪೂರ್ತಿ ದೃಷ್ಟಿ ಹೋಯಿತು. ಬ್ರೈಟನ್ ಪಟ್ಟಣದಲ್ಲಿ ಅಂಧರಿಗೆ ಪಾಠ ಹೇಳುತ್ತ ಅವರು 1845ರಲ್ಲಿ ಒಂದು ಲಿಪಿಯನ್ನು ರೂಪಿಸಿದರು. ರೋಮನ್ ಅಕ್ಷರಗಳ ಗೆರೆಗಳನ್ನು ಕಡಿಮೆ ಮಾಡಿ, ಬೆರಳಿಗೆ ತಿಳಿಯುವಷ್ಟನ್ನು ಮಾತ್ರ ಉಳಿಸಿದರು. ಮೊದಲ ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ, ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗಿಕೊಳ್ಳುವ ಹಾಗೆ. ಸಾಲು ತಪ್ಪುವ ಭಯವೇ ಇಲ್ಲ! ಹಿಂದೆ ಓದು ಬಲ್ಲವರಿಗೆ ಇದು ಹಳೆಯ ಸ್ನೇಹಿತನ ಮುಖ ಸವರಿದಂತೆ. ವಯಸ್ಸಾದವರಿಗೆ ಮೂನ್ ಲಿಪಿ ನಿಜಕ್ಕೂ ಉಪಕಾರ ಮಾಡಿದೆ. ಅದನ್ನು ಹೀಗಳೆಯುವುದು ತಪ್ಪು. ಆದರೆ ಹಾವಿಯವರ ಪುಸ್ತಕಗಳ ಕೊರತೆ ಇಲ್ಲಿಯೂ ಉಳಿಯಿತು. ಓದಬಹುದು, ಮನೆಯಲ್ಲಿ ಕುಳಿತು ಸುಲಭವಾಗಿ ಬರೆಯಲಾಗದು. ಬ್ರೈಲಿಗಾದರೋ ಒಂದು ಚೌಕಟ್ಟು, ಒಂದು ಮೊನೆಯಾದ ಕಡ್ಡಿ, ದಪ್ಪ ಕಾಗದ ಸಾಕು.

ಪ್ರಾಯದವರ ಬೆರಳಿಗೆ ದೊಡ್ಡ ಪರೀಕ್ಷೆ ಒದಗಿದ್ದು ಮೊದಲನೆಯ ಮಹಾಯುದ್ಧದಲ್ಲಿ. ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯನ್ನು ಸ್ಥಾಪಿಸಿದ ಆರ್ಥರ್ ಪಿಯರ್ಸನ್ ಗ್ಲಾಕೋಮಾದಿಂದ ಕಣ್ಣು ಕಳೆದುಕೊಂಡು, ನಡುವಯಸ್ಸಿನಲ್ಲಿ ಬ್ರೈಲ್ ಕಲಿತವರು. ಕುರುಡಾಗಿ ಮರಳುತ್ತಿದ್ದ ಸೈನಿಕರಿಗಾಗಿ ಅವರು 1915ರಲ್ಲಿ ಲಂಡನ್ನಿನಲ್ಲಿ ತೆರೆದ ವಸತಿಶಾಲೆಯೇ ಸೇಂಟ್ ಡನ್‌ಸ್ಟನ್ಸ್. ಅಲ್ಲಿ ಹೊಸಬನ ಕೈಗೆ ಕೊಡುತ್ತಿದ್ದುದು ಪುಸ್ತಕವಲ್ಲ, ಒಂದು ಗಡಿಯಾರ. ಉಬ್ಬು ಗುರುತುಗಳನ್ನು ಮುಟ್ಟಿ ಗಂಟೆ ಎಷ್ಟೆಂದು ತಿಳಿಯುವ ಗಡಿಯಾರ. ಹಗಲೋ ರಾತ್ರಿಯೋ ಎಂದು ಇನ್ನೊಬ್ಬರನ್ನು ಕೇಳಬೇಕಿದ್ದವನಿಗೆ ಮೊದಲ ದಿನವೇ ಬೆರಳೇ ಉತ್ತರ ಹೇಳುತ್ತಿತ್ತು. ಪಿಯರ್ಸನ್ನರಿಗೆ ತಮ್ಮ ಅನುಭವದಿಂದ ಗೊತ್ತಿದ್ದ ಮಾತು ಇದು. ಅಕ್ಷರಕ್ಕಿಂತ ಮೊದಲು ಬೆರಳಿನ ಮೇಲೆ ನಂಬಿಕೆ ಬರಬೇಕು.

ಏಕೆಂದರೆ ಕಷ್ಟವಿರುವುದು ಬೆರಳಿನಲ್ಲಷ್ಟೇ ಅಲ್ಲ. ವಯಸ್ಸಾದಂತೆ ಸ್ಪರ್ಶದ ಸೂಕ್ಷ್ಮತೆ ನಿಧಾನವಾಗಿ ಕುಗ್ಗುವುದು ನಿಜ. ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. ಬ್ರೈಲಿನ ಪಕ್ಕಪಕ್ಕದ ಎರಡು ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಹೊಸಬರು ತಿಳಿಯಲಿಲ್ಲವೆಂದು ಬೆರಳನ್ನು ಗಟ್ಟಿಯಾಗಿ ಒತ್ತುತ್ತಾರೆ, ಚುಕ್ಕೆಯ ಮೇಲೆ ನಿಲ್ಲಿಸಿ ಉಜ್ಜುತ್ತಾರೆ. ಒತ್ತಿದಷ್ಟೂ ಸ್ಪರ್ಶ ಮಂಕು. ಹಗುರವಾಗಿ, ನಿಲ್ಲದೆ ಎಡದಿಂದ ಬಲಕ್ಕೆ ಸರಿಯುವ ಬೆರಳಿಗೇ ಅಕ್ಷರ ತಿಳಿಯುವುದು. ಇಷ್ಟಾದರೂ ವೇಗವಾಗಿ ಓದಿ ಅಭ್ಯಾಸವಿದ್ದವನು ಒಂದೊಂದೇ ಅಕ್ಷರಕ್ಕೆ ತಡವರಿಸಿ, ಒಂದನೆಯ ತರಗತಿಯ ಹುಡುಗನಂತಾಗಬೇಕು. ಬಹಳ ಜನ ಸೋಲುವುದು ಆ ನಾಚಿಕೆಗೆ. (ದೂರದರ್ಶನದಲ್ಲಿ ಈ ಚುಕ್ಕೆಗಳನ್ನು ನಿಮಗೆ ತೋರಿಸಬಹುದು, ಮುಟ್ಟಿಸಲಾಗದು. ಹತ್ತಿರದ ಅಂಧರ ಶಾಲೆಗೆ ಹೋಗಿ ಒಂದು ಹಾಳೆಯನ್ನು ಮುಟ್ಟಿ ನೋಡಿ.)

ಸೇಂಟ್ ಡನ್‌ಸ್ಟನ್ಸ್‌ನಲ್ಲಿ ಹೀಗೆ ಕಲಿತವರಲ್ಲಿ ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ ಒಬ್ಬರು. 1915ರ ಆಗಸ್ಟಿನಲ್ಲಿ ಗಲಿಪೊಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡಾಗ ಅವರಿಗೆ ಇಪ್ಪತ್ತು ವರ್ಷ. ನಮ್ಮ ಕನ್ನಡಕ್ಕೆ ಸಂಬಂಧ ಕೂಡುವುದು ಇವರ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಭಾರತಕ್ಕೆ ಬಂದು, ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ಆರಂಭವಾದ ವಸತಿಶಾಲೆಯ ಹೊಣೆ ಹೊತ್ತರು. ಆಗ ನಮ್ಮ ದೇಶದಲ್ಲಿ ಬ್ರೈಲ್ ಒಂದಲ್ಲ, ಹಲವು. ಒಂದು ಕಡೆ ಕಲಿತ ಚುಕ್ಕೆ ಇನ್ನೊಂದು ಕಡೆ ಬೇರೆ ಅಕ್ಷರವಾಗುತ್ತಿತ್ತು. ಭಾರತ ಸರ್ಕಾರ 1949ರಲ್ಲಿ ಯುನೆಸ್ಕೋಗೆ ಈ ತೊಡಕನ್ನು ಬರೆದು ತಿಳಿಸಿತು. ಯುನೆಸ್ಕೋ ಸಲಹೆಗಾರರಾಗಿ ನೇಮಿಸಿದ್ದು ಮೆಕೆಂಜಿಯವರನ್ನೇ. ಶಿಕ್ಷಣ ಸಚಿವಾಲಯದಲ್ಲಿದ್ದ, ಸ್ವತಃ ದೃಷ್ಟಿಹೀನರಾದ ಲಾಲ್ ಅಡ್ವಾಣಿಯವರಂಥವರೂ ದುಡಿದರು. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿಗೆ ಪಡೆಯಿತು. ಡೆಹರಾಡೂನಿನ ಶಾಲೆಯಾದರೋ 1950ರಲ್ಲೇ ಸರ್ಕಾರದ ವಯಸ್ಕ ಅಂಧರ ತರಬೇತಿ ಕೇಂದ್ರವಾಗಿತ್ತು.

ಭಾರತಿ ಬ್ರೈಲಿನಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’, ಬಂಗಾಳಿಯ ‘ಕ’ ಎಲ್ಲಕ್ಕೂ ಒಂದೇ ಗುರುತು: ಒಂದು ಮತ್ತು ಮೂರನೆಯ ಚುಕ್ಕೆ. ಕಾಗುಣಿತವಿಲ್ಲ. ‘ಕಿ’ ಬರೆಯಲು ‘ಕ’ದ ಮುಂದೆ ‘ಇ’ ಇಟ್ಟರಾಯಿತು. ಒತ್ತಕ್ಷರ ಕೆಳಗಿಳಿಯುವುದಿಲ್ಲ. ‘ಅಕ್ಕ’ ಎಂದರೆ ಸಾಲಾಗಿ ನಾಲ್ಕು ಮನೆಗಳು: ಅ, ಸ್ವರವಿಲ್ಲವೆಂದು ಮೊದಲೇ ಹೇಳುವ ಒಂದು ಚುಕ್ಕೆ, ಕ, ಮತ್ತೆ ಕ. ಮಗುವಿಗೆ ಇದು ಸಹಜ. ನಲವತ್ತು ವರ್ಷ ದುಂಡು ಅಕ್ಷರ ಕಂಡವರ ಮನಸ್ಸಿನಲ್ಲಿ ಮಾತ್ರ ‘ಕ’ದ ಕೆಳಗಿನ ಒತ್ತು ಅಳಿಸದೆ ಉಳಿದಿರುತ್ತದೆ, ಬೆರಳು ಅದನ್ನು ಕೆಳಗೆ ಹುಡುಕುತ್ತದೆ. ‘ಇ’ ಮತ್ತು ‘ಏ’ ಒಂದಕ್ಕೊಂದು ಕನ್ನಡಿಯ ಬಿಂಬ. ಅವು ಅದಲುಬದಲಾಗುವ ಕಾಟ ಬೇರೆ.

ಈಗ ಮೊಬೈಲ್ ಎಲ್ಲವನ್ನೂ ಓದಿ ಹೇಳುವಾಗ ಈ ಕಷ್ಟ ಏಕೆ ಎಂದು ನೀವು ಕೇಳಬಹುದು. ನಿಮ್ಮ ಸ್ನೇಹಿತನೊಬ್ಬನಿಗೆ ‘ವಿಶೇಷ’ ಎಂದು ಉಕ್ತಲೇಖನ ಕೊಟ್ಟು ನೋಡಿ. ಯಾವುದು ‘ಶ’, ಯಾವುದು ‘ಷ’ ಎಂದು ಕಿವಿ ಹೇಳಲಾರದು. ಭಾರತಿ ಬ್ರೈಲಿನಲ್ಲಿ ಎರಡಕ್ಕೂ ಬೇರೆ ಬೇರೆ ಚುಕ್ಕೆಗಳಿವೆ.