ಓಡುತ್ತಾ ಗುಂಡು ಹಾರಿಸುವ ಈ ವಿಡಿಯೋ ಕಮಾಂಡೋ ತರಬೇತಿಯದೇ? ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯ ಸುರಕ್ಷಿತವಾಗಿ ನಡೆಯುವುದು ಹೇಗೆ?

ಟೀ ಶರ್ಟ್ ತೊಟ್ಟ ಒಬ್ಬರು ಪಿಸ್ತೂಲು ಹಿಡಿದು ಹಲಗೆಯ ಗೋಡೆಗಳ ನಡುವೆ ಓಡುತ್ತಾರೆ. ಒಂದು ಕಿಂಡಿಯಿಂದ ಎರಡು ಗುಂಡು, ಮುಂದಿನ ಬಾಗಿಲಿನಿಂದ ನಾಲ್ಕು ಗುಂಡು. ಅವರ ಬೆನ್ನ ಹಿಂದೆಯೇ ಇನ್ನೊಬ್ಬರು ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ಹೆಜ್ಜೆ ಹಾಕುತ್ತಿರುತ್ತಾರೆ. ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಒಬ್ಬರು ಅದನ್ನು 'ಕಮಾಂಡೋ ತರಬೇತಿ' ಎಂದು ಕಳಿಸಿದರೆ, ಇನ್ನೊಬ್ಬರು 'ಉಗ್ರರ ತಾಲೀಮು' ಎಂದು ಕಳಿಸುತ್ತಾರೆ.

ಹಿಂದಿರುವವರ ಕೈಯಲ್ಲಿರುವುದು ಟೈಮರ್ ಆಗಿದ್ದರೆ, ಅದು ಪ್ರಾಕ್ಟಿಕಲ್ ಶೂಟಿಂಗ್ ಎಂಬ ಕ್ರೀಡೆಯ ಪಂದ್ಯವಾಗಿರುವ ಸಾಧ್ಯತೆಯೇ ಹೆಚ್ಚು. ಆದರೆ ನಾವು ಇಲ್ಲಿ ಹೇಳಬೇಕೆಂದಿರುವುದು ಅಷ್ಟೇ ಅಲ್ಲ. ನಿಜವಾದ ಗುಂಡು ತುಂಬಿದ ಪಿಸ್ತೂಲು ಹಿಡಿದು ಜನ ಓಡಾಡುವ ಈ ಆಟ ಸುರಕ್ಷಿತವಾಗಿ ನಡೆಯುವುದು ಹೇಗೆ? 'ಅವರೆಲ್ಲ ಪಳಗಿದವರು, ಅವರ ಕೈ ತಪ್ಪುವುದಿಲ್ಲ' ಎಂದು ನೀವು ಭಾವಿಸಿದ್ದರೆ ಅದು ತಪ್ಪು ಕಲ್ಪನೆ. ಎಂಥ ಪಳಗಿದ ಕೈಯೂ ಒಂದು ದಿನ ತಪ್ಪುತ್ತದೆ ಎಂದುಕೊಂಡೇ ಇಲ್ಲಿನ ನಿಯಮಗಳನ್ನು ಮಾಡಲಾಗಿದೆ.

ಇದು ಯಾವ ಆಟ?

ಈ ಕ್ರೀಡೆಯ ಜಾಗತಿಕ ಸಂಸ್ಥೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್, ಅಂದರೆ ಐಪಿಎಸ್‌ಸಿ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಇದು ಹುಟ್ಟಿತು. ಜೆಫ್ ಕೂಪರ್ ಇದರ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಇದರ ಧ್ಯೇಯವಾಕ್ಯ.

ಇದು ಒಲಿಂಪಿಕ್ಸ್ ಕ್ರೀಡೆಯಲ್ಲ. ಆದರೆ 2017ರಲ್ಲಿ ಇದರ ವಿಶ್ವ ಪಂದ್ಯ ನಡೆದ ಫ್ರಾನ್ಸ್‌ನ ಶಾಟೊರೂ ಶೂಟಿಂಗ್ ಕೇಂದ್ರದಲ್ಲೇ 2024ರ ಒಲಿಂಪಿಕ್ಸ್ ಶೂಟಿಂಗ್ ಕೂಡ ನಡೆಯಿತು. ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದಿದ್ದು ಅಲ್ಲೇ. ಒಲಿಂಪಿಕ್ಸ್‌ನ ಪಿಸ್ತೂಲು ಸ್ಪರ್ಧೆಯಲ್ಲಿ ನಿಂತಲ್ಲೇ ನಿಂತು ಗುರಿ ಇಡಬೇಕು. ಇಲ್ಲಿ ಓಡಬೇಕು, ಬಗ್ಗಬೇಕು, ನಡುವೆ ಮ್ಯಾಗಜೀನ್ ಬದಲಿಸಬೇಕು.

ಬೇಗ ಮುಗಿಸಿದವರೇ ಗೆಲ್ಲುತ್ತಾರೆಯೇ?

ಇಲ್ಲ. ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಇದಕ್ಕೆ 'ಹಿಟ್ ಫ್ಯಾಕ್ಟರ್' ಎಂದು ಹೆಸರು. ರಟ್ಟಿನ ಗುರಿಯ ನಡುಭಾಗಕ್ಕೆ ತಾಗಿದರೆ 5 ಅಂಕ, ಅದರಾಚೆಗೆ ತಾಗಿದರೆ ಕಡಿಮೆ. ಗುರಿ ತಪ್ಪಿದರೆ ಆ ಗುಂಡಿನ ಅಂಕವೂ ಇಲ್ಲ, ಮೇಲೆ 10 ಅಂಕ ಕಡಿತ. 'ಹೊಡೆಯಬಾರದು' ಎಂದು ಗುರುತಿಸಿದ ಗುರಿಗೆ ತಾಗಿದರೂ 10 ಅಂಕ ಹೋಗುತ್ತದೆ.

12 ಗುಂಡುಗಳ ಒಂದು ಸುತ್ತನ್ನು ಲೆಕ್ಕ ಹಾಕಿ ನೋಡೋಣ. ಒಬ್ಬರು ನಿಧಾನವಾಗಿ 10 ಸೆಕೆಂಡಿನಲ್ಲಿ ಪೂರ್ತಿ 60 ಅಂಕ ಗಳಿಸಿದರು: ಫ್ಯಾಕ್ಟರ್ 6. ಎರಡನೆಯವರು 8 ಸೆಕೆಂಡಿನಲ್ಲಿ 52 ಅಂಕ ಗಳಿಸಿದರು: 6.5. ಮೂರನೆಯವರು 7.5 ಸೆಕೆಂಡಿನಲ್ಲೇ ಮುಗಿಸಿದರು, ಆದರೆ ಒಂದು ಗುಂಡು ತಪ್ಪಿ ಅಂಕ 45ಕ್ಕೆ ಇಳಿಯಿತು: ಮತ್ತೆ 6. ಅತಿ ಅವಸರಪಟ್ಟವರು ಎಲ್ಲರಿಗಿಂತ ನಿಧಾನವಾದವರ ಸಾಲಿಗೇ ಬಂದು ನಿಂತರು!

ಪಂದ್ಯಕ್ಕೆ ಮುಂಚಿನ ಕೆಲಸವೇ ಹೆಚ್ಚು

ಒಂದೊಂದು ಸುತ್ತಿನ ಅಂಕಣಕ್ಕೂ 'ಸ್ಟೇಜ್' ಎನ್ನುತ್ತಾರೆ. ಅದನ್ನು ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ಮೈದಾನದಲ್ಲಿ ಕಟ್ಟುತ್ತಾರೆ. ಸಣ್ಣ ಸ್ಟೇಜ್‌ಗೆ ಹೆಚ್ಚೆಂದರೆ 12 ಗುಂಡು, ಮಧ್ಯಮಕ್ಕೆ 24, ದೊಡ್ಡದಕ್ಕೆ 32. ಗುರಿಗಳ ಹಿಂದೆ ಗುಂಡನ್ನು ನುಂಗಿಕೊಳ್ಳುವ ಎತ್ತರದ ಮಣ್ಣಿನ ದಿಬ್ಬ ಇರಬೇಕು.

ಕಟ್ಟುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸ್ಪರ್ಧಿ ಇಲ್ಲಿ ಆತುರಪಟ್ಟರೆ ಪಿಸ್ತೂಲು ಯಾವ ಕಡೆ ತಿರುಗುತ್ತದೆ? ದಿಬ್ಬಕ್ಕೆ ಮುಖ ಮಾಡಿ ನಿಂತು ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ. ನಿಮ್ಮ ಮುಂದಿನ ಅರ್ಧವೃತ್ತದೊಳಗೇ ಪಿಸ್ತೂಲಿನ ನಳಿಕೆ ಸದಾ ಇರಬೇಕು. ನೀವು ಹಿಂದಕ್ಕೆ ಓಡುತ್ತಿದ್ದರೂ ಈ ನಿಯಮ ಬದಲಾಗುವುದಿಲ್ಲ. ಓಟದ ಭರದಲ್ಲಿ ಈ ಗೆರೆ ದಾಟಲು ಪ್ರೇರೇಪಿಸುವ ಜಾಗದಲ್ಲಿ ಗುರಿ ಇದ್ದರೆ ಅದನ್ನು ಸರಿಸಬೇಕು. ಲೋಹದ ಗುರಿಗೆ ಬಡಿದ ಗುಂಡಿನ ಚೂರುಗಳು ಹಿಂದಕ್ಕೆ ಸಿಡಿಯುತ್ತವೆ. ಅದಕ್ಕಾಗಿ ಅಂಥ ಗುರಿಯಿಂದ ಸ್ಪರ್ಧಿ ಮತ್ತು ಅಧಿಕಾರಿ ಕನಿಷ್ಠ 7 ಮೀಟರ್ ದೂರವಿರಬೇಕು.

ಬಂದೂಕು ಇರುವಲ್ಲಿ ಗುಂಡಿಲ್ಲ

ಈ ಆಟದ ಅತಿ ಸರಳ, ಅತಿ ಮುಖ್ಯ ಉಪಾಯ ಇದು. ಮೈದಾನದಲ್ಲಿ ಎಲ್ಲರ ಪಿಸ್ತೂಲೂ ಖಾಲಿಯಾಗಿರಬೇಕು. ಸೊಂಟದ ಹೋಲ್‌ಸ್ಟರ್‌ನಲ್ಲೋ ಚೀಲದಲ್ಲೋ ಇರಬೇಕು. ಅದನ್ನು ಹೊರತೆಗೆದು ಒರೆಸಲು, ರಿಪೇರಿ ಮಾಡಲು 'ಸೇಫ್ಟಿ ಏರಿಯಾ' ಎಂಬ ಪ್ರತ್ಯೇಕ ಜಾಗವಿದೆ. ಅಲ್ಲಿ ಗುಂಡನ್ನು ಮುಟ್ಟುವಂತಿಲ್ಲ, ನಕಲಿ ಗುಂಡನ್ನೂ ಮುಟ್ಟುವಂತಿಲ್ಲ. ಹೊರಗೆ ಮ್ಯಾಗಜೀನ್‌ಗೆ ಗುಂಡು ತುಂಬಬಹುದು, ಆದರೆ ಅಲ್ಲಿ ಪಿಸ್ತೂಲು ಹೊರತೆಗೆಯುವಂತಿಲ್ಲ. ಎರಡೂ ಒಂದೆಡೆ ಸೇರುವುದು ಒಂದೇ ಜಾಗದಲ್ಲಿ: ಸ್ಟೇಜ್‌ನಲ್ಲಿ, ಅಧಿಕಾರಿಯ ಕಣ್ಣೆದುರು, ಅವರ ಆದೇಶದ ಮೇಲೆ.

ಒಂದೊಂದು ಮಾತಿಗೂ ಒಂದು ಅರ್ಥ

ಟೈಮರ್ ಹಿಡಿದವರು ರೇಂಜ್ ಆಫೀಸರ್. ಅವರ ಆದೇಶಗಳು ಎಲ್ಲೆಡೆ ಒಂದೇ ಕ್ರಮದಲ್ಲಿ ಇರುತ್ತವೆ. 'ಲೋಡ್ ಅಂಡ್ ಮೇಕ್ ರೆಡಿ' ಎಂದಾಗ ಮಾತ್ರ ಗುಂಡು ತುಂಬಬೇಕು. 'ಆರ್ ಯು ರೆಡಿ', 'ಸ್ಟ್ಯಾಂಡ್ ಬೈ' ಎಂದ ಮೇಲೆ 1ರಿಂದ 4 ಸೆಕೆಂಡಿನೊಳಗೆ ಟೈಮರ್ ಬೀಪ್ ಎನ್ನುತ್ತದೆ. ಮೊದಲೇ ಊಹಿಸಿ ಹೊರಡದಿರಲಿ ಎಂದು ಈ ಅಂತರ ಪ್ರತಿ ಸಲ ಬೇರೆಯಾಗಿರುತ್ತದೆ. ಟೈಮರ್‌ನ ಮೈಕ್ ಪ್ರತಿ ಗುಂಡಿನ ಸದ್ದನ್ನು ಕೇಳಿಸಿಕೊಂಡು, ಕೊನೆಯ ಗುಂಡಿನ ಸಮಯವನ್ನು ದಾಖಲಿಸುತ್ತದೆ. ನಡುವೆ 'ಸ್ಟಾಪ್' ಎಂಬ ಕೂಗು ಬಂದರೆ ಸ್ಪರ್ಧಿ ಗುಂಡು ಹಾರಿಸುವುದನ್ನೂ ಓಡುವುದನ್ನೂ ತಕ್ಷಣ ನಿಲ್ಲಿಸಬೇಕು.

ಮುಗಿದ ಮೇಲೆ ಸ್ಪರ್ಧಿ ಮ್ಯಾಗಜೀನ್ ತೆಗೆದು, ಖಾಲಿ ಚೇಂಬರನ್ನು ಅಧಿಕಾರಿಗೆ ತೋರಿಸಬೇಕು. ಇಬ್ಬರೂ ನೋಡಿ 'ಖಾಲಿ' ಎಂದುಕೊಂಡ ಮೇಲೂ, ಪಿಸ್ತೂಲನ್ನು ದಿಬ್ಬದ ಕಡೆಗೆ ಹಿಡಿದು ಒಮ್ಮೆ ಟ್ರಿಗರ್ ಒತ್ತಬೇಕು. ಏಕೆ? ಕಣ್ಣು ಮೋಸ ಹೋಗಿದ್ದರೆ ಆ ಗುಂಡು ಮಣ್ಣಿಗೆ ಹೋಗಲಿ ಎಂದು. ಮನೆಗಳಲ್ಲಿ 'ಖಾಲಿ ಇದೆ ಅಂದುಕೊಂಡಿದ್ದೆ' ಎಂಬ ಮಾತಿನ ಹಿಂದೆ ಎಷ್ಟು ದುರಂತಗಳಿವೆ ಎಂದು ನೆನೆದರೆ ಈ ಕ್ರಮದ ಬೆಲೆ ತಿಳಿಯುತ್ತದೆ. ಪಿಸ್ತೂಲು ಹೋಲ್‌ಸ್ಟರ್‌ಗೆ ಮರಳಿ, 'ರೇಂಜ್ ಈಸ್ ಕ್ಲಿಯರ್' ಎಂದ ನಂತರವೇ ಉಳಿದವರು ಗುರಿಗಳ ಬಳಿ ಹೋಗಿ ಅಂಕ ಎಣಿಸುತ್ತಾರೆ, ತೂತುಗಳಿಗೆ ಕಾಗದ ಅಂಟಿಸುತ್ತಾರೆ.

ತಪ್ಪಿದರೆ ಎಚ್ಚರಿಕೆ ಇಲ್ಲ, ನೇರ ಮನೆಗೆ

ನಳಿಕೆ ಗೆರೆ ದಾಟಿದರೆ, ಸುತ್ತಿನ ನಡುವೆ ಪಿಸ್ತೂಲು ಕೆಳಗೆ ಬಿದ್ದರೆ, ಮ್ಯಾಗಜೀನ್ ಬದಲಿಸುವಾಗ ಗುಂಡು ಹಾರಿದರೆ ಪಂದ್ಯದಿಂದಲೇ ಔಟ್. ಮೇಲ್ಮನವಿ ಸಲ್ಲಿಸಬಹುದು, ಆದರೆ ಅದು ಬಿದ್ದುಹೋದರೆ ಅದುವರೆಗಿನ ಅಂಕಗಳೂ ಪಟ್ಟಿಯಿಂದ ಅಳಿಸಿಹೋಗುತ್ತವೆ. ವಿಶ್ವ ಚಾಂಪಿಯನ್ನರಿಗೂ ಹೊಸಬರಿಗೂ ಒಂದೇ ನಿಯಮ.

ಒಂದು ಸೂಕ್ಷ್ಮ ಗಮನಿಸಿ. ಸುತ್ತಿನ ಹೊರಗೆ ಖಾಲಿ ಪಿಸ್ತೂಲು ಸೊಂಟದಿಂದ ಜಾರಿ ಬಿದ್ದರೆ ಅದು ತಪ್ಪಲ್ಲ, ಅದನ್ನು ತಾನೇ ಎತ್ತಿಕೊಂಡರೆ ತಪ್ಪು! ಗಾಬರಿಯಲ್ಲಿ ಬಾಚಿಕೊಳ್ಳುವ ಕೈ ಟ್ರಿಗರ್ ಮೇಲೆ ಬೀಳಬಹುದು, ನಳಿಕೆ ಯಾರ ಕಡೆಗೋ ತಿರುಗಬಹುದು. ಆದ್ದರಿಂದ ಬಿದ್ದದ್ದನ್ನು ಬಿದ್ದಲ್ಲೇ ಬಿಟ್ಟು ಅಧಿಕಾರಿಯನ್ನು ಕರೆಯಬೇಕು.

ಕಣ್ಣು, ಕಿವಿ, ಕೈ

ಟರ್ಕಿಯ ಯೂಸುಫ್ ಡಿಕೆಚ್ 'ಯಾವ ರಕ್ಷಣೆಯೂ ಇಲ್ಲದೆ ಬೆಳ್ಳಿ ಗೆದ್ದರು' ಎಂಬ ಫಾರ್ವರ್ಡ್ 2024ರಲ್ಲಿ ಎಲ್ಲೆಡೆ ಹರಿದಾಡಿತ್ತು. ಅವರು ಕನ್ನಡಕ ಹಾಕಿದ್ದರು, ಕಿವಿಯಲ್ಲಿ ಇಯರ್‌ಪ್ಲಗ್ ಇತ್ತು. ಅಲ್ಲದೆ ಅವರು ಬಳಸಿದ್ದು ಏರ್ ಪಿಸ್ತೂಲು. ಮದ್ದಿನಿಂದ ಸಿಡಿಯುವ ಪಿಸ್ತೂಲಿನ ಸದ್ದು 140 ಡೆಸಿಬೆಲ್ ಮೀರುತ್ತದೆ. ಒಂದೇ ಸದ್ದಿಗೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ಹಾಗಾಗಿ ಇಲ್ಲಿ ಸ್ಪರ್ಧಿ, ಅಧಿಕಾರಿ, ಪ್ರೇಕ್ಷಕರು ಎಲ್ಲರಿಗೂ ಕಣ್ಣು ಮತ್ತು ಕಿವಿಯ ರಕ್ಷಣೆ ಬೇಕು. ಗುಂಡಿನಲ್ಲಿರುವ ಸೀಸ ಕೈಗೆ ಅಂಟುವುದರಿಂದ ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವುದೂ ಅಷ್ಟೇ ಮುಖ್ಯ.

ನಮಗೇಕೆ ಇದೆಲ್ಲ?

ಗುರಿ ಹೊಡೆಯುವ ಸ್ಪರ್ಧೆ ನಮಗೆ ಹೊಸದಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಆದರೆ ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ವಿಡಿಯೋಗಳನ್ನೂ ಜನ ಇಷ್ಟೇ ಮೆಚ್ಚಿ ಹಂಚುತ್ತಾರೆ. ಮೇಲಕ್ಕೆ ಹೋದ ಗುಂಡು ಎಲ್ಲೋ ಒಂದು ಕಡೆ ಕೆಳಗೆ ಬೀಳಲೇಬೇಕು, ಮತ್ತು ಅಲ್ಲಿ ಮಣ್ಣಿನ ದಿಬ್ಬ ಇರುವುದಿಲ್ಲ. 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯಡಿ, ಇತರರ ಜೀವಕ್ಕೆ ಅಪಾಯ ತರುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮುಂದಿನ ಸಲ ಇಂಥ ವಿಡಿಯೋ ಬಂದಾಗ ಮೂರು ವಿಷಯ ನೋಡಿ. ಹಿಂದೆ ಟೈಮರ್ ಹಿಡಿದವರು ಇದ್ದಾರೆಯೇ? ಮುಂದೆ ದಿಬ್ಬವಿದೆಯೇ? ಕಣ್ಣು, ಕಿವಿಗೆ ರಕ್ಷಣೆ ಇದೆಯೇ? ಮೂರೂ ಇದ್ದರೆ ಅದು ಹೆಚ್ಚಾಗಿ ಪಂದ್ಯವೇ. 'ಉಗ್ರರ ತಾಲೀಮು' ಎಂದು ಹಂಚಿ ಯಾರನ್ನೂ ಹೆದರಿಸಬೇಡಿ. ಮೂರೂ ಇಲ್ಲದೆ ಬರೀ ಶೌರ್ಯ ಪ್ರದರ್ಶನವಾಗಿದ್ದರೆ, ಅದನ್ನು 'ಸೂಪರ್' ಎಂದು ಮುಂದಕ್ಕೆ ಕಳಿಸಬೇಡಿ.